ಗುರುತು ನೋಡಿ ಒತ್ತುವ ಮೊದಲು: ಮಗಳಿಗೊಂದು ಪತ್ರ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮೊನ್ನೆ ನೀನು ಎರಡು ಪ್ರಶ್ನೆ ಕೇಳಿದೆ. ಇಷ್ಟು ವರ್ಷ ಬಿಜೆಪಿಯ ಕಮಲದ ಗುರುತೊಂದಕ್ಕೇ ವೋಟು ಹಾಕಿದ ಮನೆಯವರು ಈಗ ಯಾಕೆ ಸಪ್ಪಗಾಗಿದ್ದೀರಿ ಅನ್ನುವುದು ಒಂದು. ಹಾಗಿದ್ದರೆ ನೋಟಾ (ಯಾರಿಗೂ ಇಲ್ಲ ಅನ್ನುವ ಗುಂಡಿ) ಒತ್ತಲೋ, ವೋಟನ್ನೇ ಬೆಂಗಳೂರಿಗೆ ಹಾಕಿಸಿಕೊಳ್ಳಲೋ ಅನ್ನುವುದು ಇನ್ನೊಂದು. ಇದನ್ನೆಲ್ಲ ಫೋನಿನಲ್ಲಿ ಹೇಳಹೋದರೆ ನಡುವೆ ನಿನ್ನ ಅಪ್ಪ ಬಾಯಿ ಹಾಕುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮಂಥ ನಿಧಾನದ ಜನಕ್ಕೆ ಸರ್ಕಾರದಿಂದ ಬೇಕಾದ್ದು ದೊಡ್ಡದೇನಲ್ಲ. ಸಾಲ ಹದ್ದಿನೊಳಗಿರಲಿ. ಕಾನೂನು ತಿದ್ದುವ ಮೊದಲು ಸದನದಲ್ಲಿ ಕೂತು ಮಾತಾಡಲಿ. ಊರಿನ ಕೆರೆ, ಶಾಲೆ, ರಸ್ತೆಯ ವಿಚಾರ ಊರವರ ಕೈಲಿರಲಿ. ಒಂದು ಗುರುತಿನ ಮೇಲೆ ಗೆದ್ದವನು ಐದು ವರ್ಷ ಆ ಗುರುತಿನಲ್ಲೇ ಇರಲಿ. ಗುಡಿ, ಗೋವು, ಸಂಸ್ಕಾರದ ಮಾತಾಡುವವರಿಗೆ ಈ ಶಿಸ್ತೂ ಇದ್ದೇ ಇರುತ್ತದೆ ಎಂದುಕೊಂಡು ಒತ್ತುತ್ತಾ ಬಂದದ್ದು. ಆ ಮಾತಿಗೂ ಈ ಶಿಸ್ತಿಗೂ ಸಂಬಂಧವೇ ಇಲ್ಲ ಅನ್ನುವುದು ಒಂದೊಂದಾಗಿ ಕಂಡಿತು.

ಜಿಲ್ಲಾ ಪಂಚಾಯಿತಿಯನ್ನೇ ತಗೋ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ಕ್ಕೆ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಆಗಿದ್ದ ಬಿಜೆಪಿ ಸರ್ಕಾರ ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟಿತು, ಚುನಾವಣೆ ಮುಂದೆ ಹೋಯಿತು. 2023ರಲ್ಲಿ ಕಾಂಗ್ರೆಸ್ ಬಂತು, ಮೀಸಲಾತಿ ಪಟ್ಟಿ, ಕೋರ್ಟು ಎಂದು ಮತ್ತೆ ಮುಂದೆ ಹೋಯಿತು. ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಜಿಲ್ಲೆ ನಡೆಸಿದರು. ಎರಡೂ ಪಕ್ಷದ ಶಾಸಕರಿಗೆ ಇದು ಅನುಕೂಲವೇ. ಜಿಲ್ಲಾ ಪಂಚಾಯಿತಿ ಸದಸ್ಯ ಅಂತ ಒಬ್ಬ ಇದ್ದರೆ ರಸ್ತೆ, ಚರಂಡಿಯ ಗುದ್ದಲಿಪೂಜೆಯಲ್ಲಿ ಪಾಲು ಕೇಳುತ್ತಾನೆ, ಮುಂದಿನ ಸಲ ಟಿಕೆಟ್ಟಿಗೂ ನಿಲ್ಲುತ್ತಾನೆ. ಬೇರೆಲ್ಲದಕ್ಕಿಂತ ಹೆಚ್ಚಾಗಿ ನನ್ನನ್ನು ಕೆರಳಿಸಿದ್ದು ಇದೇ.

ಸಾಲದ ಲೆಕ್ಕವೂ ಅಷ್ಟೆ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದು. ರಾಜಸ್ವ ಕೊರತೆ (ದಿನನಿತ್ಯದ ಖರ್ಚು ಆದಾಯವನ್ನು ಮೀರುವುದು) ಇರಬಾರದು, ವಿತ್ತೀಯ ಕೊರತೆ (ಖರ್ಚಿಗೆ ಸಾಲದೆ ಸಾಲ ಮಾಡುವ ಮೊತ್ತ) ರಾಜ್ಯದ ಉತ್ಪನ್ನದ ಶೇ 3 ದಾಟಬಾರದು ಎಂಬುದು ಅದರ ತಿರುಳು. ಆದರೂ 2021-22ರ ಬಿಜೆಪಿ ಬಜೆಟ್ ರಾಜಸ್ವ ಕೊರತೆಯದು, 2024-25ರ ಕಾಂಗ್ರೆಸ್ ಬಜೆಟ್ಟೂ ಹಾಗೇ. ಮೊದಲನೆಯದಕ್ಕೆ ಕೊರೊನಾ ಕಾರಣ ಎಂದು ಒಪ್ಪೋಣ. ಸದನ ವರ್ಷಕ್ಕೆ 60 ದಿನವಾದರೂ ಸೇರಬೇಕೆಂದು 2005ರಲ್ಲಿ ಇವರೇ ಕಾನೂನು ಮಾಡಿಕೊಂಡರು. ಆ ಲೆಕ್ಕ ಮುಟ್ಟದ ವರ್ಷಗಳೇ ಹೆಚ್ಚು.

ಇನ್ನು ಪಕ್ಷಾಂತರ. ಇದರ ಒಳಗುಟ್ಟು ಗೊತ್ತಿಲ್ಲದಿದ್ದರೆ ಟಿವಿಯಲ್ಲಿ ರೆಸಾರ್ಟ್ ಮಾತ್ರ ಕಾಣುತ್ತದೆ. 1985ರಲ್ಲಿ ಪಕ್ಷಾಂತರ ತಡೆಯಲು ಸಂವಿಧಾನಕ್ಕೆ ಹತ್ತನೇ ಅನುಸೂಚಿ ಬಂದಾಗ, ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಒಡೆದು ಹೋದರೆ ಅದು ಪಕ್ಷಾಂತರವಲ್ಲ, ವಿಭಜನೆ ಎನ್ನುವ ರಿಯಾಯಿತಿ ಇತ್ತು. 2003ರ ತಿದ್ದುಪಡಿ ಅದನ್ನು ಕಿತ್ತಿತು. ಅದೇ ತಿದ್ದುಪಡಿಯ ಪ್ರಕಾರ ಅನರ್ಹನಾದವನು ಮತ್ತೆ ಗೆದ್ದು ಬರುವವರೆಗೆ ಮಂತ್ರಿಯಾಗುವಂತಿಲ್ಲ. ಈ 'ಮತ್ತೆ ಗೆದ್ದು ಬರುವವರೆಗೆ' ಅನ್ನುವುದರಲ್ಲೇ ಬಾಗಿಲು ತೆರೆದದ್ದು. ಪಕ್ಷ ಬಿಡುವುದು ಬೇಡ, ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಡು, ಸದನದ ಬಲ ಇಳಿಯಲಿ, ಬಹುಮತದ ಗಡಿಯೂ ಇಳಿಯುತ್ತದೆ; ಆಮೇಲೆ ಇನ್ನೊಂದು ಗುರುತಿನಲ್ಲಿ ಉಪಚುನಾವಣೆ ಗೆದ್ದು ಮಂತ್ರಿಯಾಗು. 2008ರಲ್ಲಿ 224ರಲ್ಲಿ ಬಿಜೆಪಿಗೆ ಬಂದದ್ದು 110, ಬಹುಮತಕ್ಕೆ ಮೂರು ಕಡಿಮೆ. ಆಪರೇಷನ್ ಕಮಲ ಅನ್ನುವ ಮಾತು ಹುಟ್ಟಿದ್ದು ಆಗ. 2018ರಲ್ಲಿ 104. 2019ರ ಜುಲೈನಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಪರ 99, ವಿರೋಧ 105 ಮತದಲ್ಲಿ ಬಿತ್ತು. ಸ್ಪೀಕರ್ 17 ಮಂದಿಯನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟು ನವೆಂಬರ್ 13ಕ್ಕೆ ಅನರ್ಹತೆ ಸರಿ ಎಂದಿತು, ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಎಂದೂ ಹೇಳಿತು. ಡಿಸೆಂಬರಿನಲ್ಲಿ 15 ಕ್ಷೇತ್ರಕ್ಕೆ ಉಪಚುನಾವಣೆ, 12 ಬಿಜೆಪಿಗೆ. ಗೆದ್ದ ಅನರ್ಹರಲ್ಲಿ ಬಹುಪಾಲು ಜನ ಮಂತ್ರಿಗಳಾದರು.

ಇಲ್ಲಿ ಪಕ್ಷವೊಂದನ್ನೇ ಬೈದರೆ ಅನ್ಯಾಯ. ಗೆಲ್ಲಿಸಿದ್ದು ಜನ. ನಮ್ಮ ಶಿವಮೊಗ್ಗ ಲೋಕಸಭಾ ಕ್ಷೇತ್ರವೇ ಬಂಗಾರಪ್ಪನವರನ್ನು 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ಆರಿಸಿ ಕಳಿಸಿತು. ಆದರೆ ಅಲ್ಲಿ ಜನ ಆರಿಸಿದ್ದು ಮನುಷ್ಯನನ್ನು, ಸರ್ಕಾರವೇನೂ ಉರುಳಲಿಲ್ಲ. ಇನ್ನೊಂದು ತುದಿಗೆ, ಆಗ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರನ್ನು ನೋಡು. 1984ರ ಲೋಕಸಭೆಯಲ್ಲಿ ಜನತಾ ಪಕ್ಷಕ್ಕೆ 28ರಲ್ಲಿ ನಾಲ್ಕೇ ಬಂತೆಂದು, ಯಾರೂ ಕೇಳದಿದ್ದರೂ ರಾಜೀನಾಮೆ ಕೊಟ್ಟು ವಿಧಾನಸಭೆ ಚುನಾವಣೆಗೆ ಹೋದರು. 1985ರಲ್ಲಿ 139 ಗೆದ್ದು ಬಂದರು. ನಮ್ಮ ಕಡೆಯ ಹಳಬರು 'ಮರ್ಯಾದೆ' ಅನ್ನುವುದು ಇದಕ್ಕೆ.

ಹೀಗಾಗಲು ಮೂಲ ಕಾರಣ ಟಿಕೆಟ್ ಹಂಚಿಕೆ. ಮತದಾರರ ಪಟ್ಟಿಯ ಒಂದು ಪುಟದಲ್ಲಿ ಸುಮಾರು 30 ಹೆಸರಿರುತ್ತದೆ, ಅದಕ್ಕೊಬ್ಬ ಪೇಜ್ ಪ್ರಮುಖ್. ಯಾರು ಬೆಂಗಳೂರಿನಲ್ಲಿದ್ದಾರೆ, ಯಾರಿಗೆ ಕಾಲುನೋವು, ಯಾವ ಮನೆಗೆ ಜೀಪು ಕಳಿಸಬೇಕು ಎಲ್ಲ ಅವನಿಗೆ ಗೊತ್ತು. ಅಭ್ಯರ್ಥಿ ಯಾರಾಗಬೇಕು ಎಂದು ಮಾತ್ರ ಅವನನ್ನು ಯಾರೂ ಕೇಳುವುದಿಲ್ಲ. ಇವನೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಬಿ ಫಾರಂ ಮೇಲಿಂದ ಬರುತ್ತದೆ, ನಾಮಪತ್ರದ ಕೊನೆಯ ದಿನ ಮಧ್ಯಾಹ್ನ ಮೂರರೊಳಗೆ ಚುನಾವಣಾಧಿಕಾರಿಯ ಮೇಜಿಗೆ ಬಿದ್ದರೆ ಆಯಿತು. ಇದು ಎಲ್ಲ ಪಕ್ಷದ ಕಥೆ. ದುಡ್ಡಿನದ್ದೂ ಹಾಗೇ: ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷ, ಲೋಕಸಭೆಗೆ 95 ಲಕ್ಷದ ಮಿತಿ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಹೆಸರು ಹೊರಬೀಳದೆ ಪಕ್ಷಕ್ಕೆ ದೇಣಿಗೆ ಕೊಡಲು ಇದ್ದ ಚುನಾವಣಾ ಬಾಂಡನ್ನು ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ರಂದು ರದ್ದು ಮಾಡಿತು. ಅಲ್ಲಿಯವರೆಗೆ ಯಾರ ದುಡ್ಡು ಯಾರಿಗೆ ಎಂದು ನಮಗೆ ನಿನಗೆ ತಿಳಿಯುವ ದಾರಿಯೂ ಇರಲಿಲ್ಲ.

ಇರಲಿ. ಈಗ ನೀನು ಮಾಡಬೇಕಾದ್ದು.

ಗುರುತು ಬಿಟ್ಟು ಅಭ್ಯರ್ಥಿಯನ್ನು ನೋಡುವುದಾದರೆ ಫಾರಂ 26ರಿಂದ ಶುರು ಮಾಡು. ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ (ಅಫಿಡವಿಟ್) ಅದು, ಚುನಾವಣಾ ಆಯೋಗದ ಜಾಲತಾಣದಲ್ಲೂ ಅದರ ಕೆವೈಸಿ (ನೋ ಯುವರ್ ಕ್ಯಾಂಡಿಡೇಟ್) ಆ್ಯಪಿನಲ್ಲೂ ಸಿಗುತ್ತದೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕೋ ಸಾಲದೋ ಎಂದು ಕತ್ತಿ ಅದ್ದಿ ನೋಡುತ್ತೇವಲ್ಲ, ತಾಮ್ರ ಕೆಂಪಗೆ ಹತ್ತಿದರೆ ಸಾಲದು ಅಂತ, ಅಷ್ಟೇ ಸಲೀಸಾದ ಪರೀಕ್ಷೆ. ಒಂದೇ ಪ್ರತಿ ಓದಿದರೆ ಏನೂ ತಿಳಿಯದು. ಅದೇ ಮನುಷ್ಯ ಹಿಂದಿನ ಚುನಾವಣೆಯಲ್ಲಿ ಕೊಟ್ಟದ್ದನ್ನೂ ಪಕ್ಕದಲ್ಲಿಟ್ಟುಕೋ. ಮೊದಲು ಕ್ರಿಮಿನಲ್ ಪ್ರಕರಣದ ಭಾಗ: ರಸ್ತೆ ತಡೆ, ನಿಷೇಧಾಜ್ಞೆ ಮುರಿದದ್ದು ಬೇರೆ, ವಂಚನೆ, ಹಲ್ಲೆ, ಭೂಕಬಳಿಕೆ ಬೇರೆ. ಸೆಕ್ಷನ್ ನಂಬರ್ ನೋಡದೆ ಬರೀ ಸಂಖ್ಯೆ ಎಣಿಸಬೇಡ. ಆಮೇಲೆ ಐದು ವರ್ಷದ ಆದಾಯ. ಇಲ್ಲಿ ನಮ್ಮ ಕಡೆ ಎಡವುವವರು ಜಾಸ್ತಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ದೊಡ್ಡ ತೋಟದವರ ರಿಟರ್ನ್ಸಿನಲ್ಲಿ ತೆರಿಗೆಯ ಆದಾಯ ಸಣ್ಣದಾಗಿ ಕಂಡರೆ ಅದೊಂದೇ ಕಳ್ಳಲೆಕ್ಕವಲ್ಲ. ಆಸ್ತಿ ದುಪ್ಪಟ್ಟಾಗಿದ್ದರೆ ಹೊಸದಾಗಿ ಕೊಂಡದ್ದೋ, ಇದ್ದ ಜಾಗದ ಬೆಲೆ ಏರಿದ್ದೋ ಎಂದು ಸರ್ವೆ ನಂಬರ್ ಹಿಡಿದು ಹೊಂದಿಸು. ಕೊಂಡ ದಿನಾಂಕ, ಕೊಂಡ ಬೆಲೆಗೆ ಬೇರೆ ಬೇರೆ ಕಲಂ ಇದೆ. ಹೆಂಡತಿ, ಅವಲಂಬಿತರು, ಅವಿಭಕ್ತ ಕುಟುಂಬದ ಕಲಂ ಬಿಡಬೇಡ. ಕಡೆಗೆ ಸರ್ಕಾರಕ್ಕೆ ಬಾಕಿ ಮತ್ತು ಸರ್ಕಾರದ ಗುತ್ತಿಗೆ. ಯಾವ ಕಲಮನ್ನೂ ಖಾಲಿ ಬಿಡುವಂತಿಲ್ಲ, 'ಇಲ್ಲ' ಅಂತಲಾದರೂ ಬರೆಯಬೇಕು.

ಎರಡನೆಯದು ಭರವಸೆ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳು: ಈ ಕಾಗದಕ್ಕೆ ಸಹಿ ಹಾಕುವವರು ಯಾರು? ಅಡಿಕೆ ಆಮದು, ಕಿಲೋಗೆ 351 ರೂಪಾಯಿಯ ಕನಿಷ್ಠ ಆಮದು ಬೆಲೆ ಕೇಂದ್ರದ ವಾಣಿಜ್ಯ ಇಲಾಖೆಯದು; ಶಾಸಕನಾಗುವವನು ಅದರ ಮೇಲೆ ಭಾಷಣ ಮಾಡಿದರೆ ಕೇಳಿ ಎದ್ದು ಬಾ. ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್, ಕೇಂದ್ರದ ಉಕ್ಕು ಸಂಸ್ಥೆ ಸೈಲ್ ಕೈಲಿದೆ. 2015ರಲ್ಲಿ ಉತ್ಪಾದನೆ ನಿಂತ ಕಾಗದದ ಕಾರ್ಖಾನೆ ಎಂಪಿಎಂ ರಾಜ್ಯದ್ದು. ಎರಡು ಪಕ್ಷ ಎರಡು ಗೇಟಿನ ಮುಂದೆ ನಿಂತು ಒಬ್ಬರ ಮೇಲೊಬ್ಬರು ಬೆರಳು ತೋರಿಸಿದ್ದು ಅದಕ್ಕೇ. ಶರಾವತಿ ಅಣೆಕಟ್ಟಿನಲ್ಲಿ ಮುಳುಗಡೆಯಾದವರಿಗೆ ಕೊಟ್ಟ ಭೂಮಿಯ ಡಿನೋಟಿಫಿಕೇಶನ್ (ಅರಣ್ಯದ ಪಟ್ಟಿಯಿಂದ ಕೈಬಿಡುವುದು) ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಪೂರ್ವಾನುಮತಿ ಬೇಕಿತ್ತು, ಅದನ್ನು ಪಡೆಯದೆ ಆದೇಶ ಹೊರಡಿಸಿದ್ದರು. ಹಾಗಾಗಿ 'ಗೆದ್ದ ತಿಂಗಳಲ್ಲೇ ಹಕ್ಕುಪತ್ರ' ಎನ್ನುವವನಿಗೆ, ಕೇಂದ್ರಕ್ಕೆ ಪ್ರಸ್ತಾವನೆ ಹೋಗಿದೆಯಾ, ಯಾವ ತಾರೀಖಿಗೆ ಎಂದು ಕೇಳಬೇಕು. ಬಗರ್ ಹುಕುಂ, ಅಂದರೆ ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯ ಸಕ್ರಮ, ಬೇರೆ ರೀತಿ. ಫಾರಂ 50, 53, 57ರ ಅರ್ಜಿಗಳನ್ನು ನೋಡುವ ತಾಲ್ಲೂಕು ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಮಲೆನಾಡಿನಲ್ಲಿ ಜನ ಪಕ್ಷವನ್ನು ಬೈಯುತ್ತಲೇ ಬಿಡದೆ ಹಿಡಿದುಕೊಳ್ಳುವುದಕ್ಕೆ ಅರ್ಧ ಕಾರಣ ಆ ಕುರ್ಚಿ. ಪಶ್ಚಿಮ ಘಟ್ಟದ ಸಂರಕ್ಷಣೆಯ ಕಸ್ತೂರಿರಂಗನ್ ವರದಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಲ್ಲ ಪಕ್ಷದವರೂ ಇಲ್ಲಿ ವಿರೋಧಿಸುತ್ತಾರೆ, ಕರಡು ಅಧಿಸೂಚನೆ ಮಾತ್ರ ಮತ್ತೆ ಮತ್ತೆ ಬರುತ್ತಲೇ ಇದೆ.

ನೋಟಾ ನಿನ್ನ ಹಕ್ಕು, 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದದ್ದು. ಆದರೆ ವಿಧಾನಸಭೆ, ಲೋಕಸಭೆಯಲ್ಲಿ ನೋಟಾಗೆ ಎಲ್ಲರಿಗಿಂತ ಹೆಚ್ಚು ಬಿದ್ದರೂ ಅದರ ನಂತರದವನೇ ಗೆದ್ದಂತೆ. ಪಕ್ಷಕ್ಕೆ ಪಾಠ ಕಲಿಸುತ್ತೇನೆಂದು ಒತ್ತುವುದಾದರೆ ಗೆಲುವಿನ ಅಂತರ ಸಣ್ಣದಿರುವ ಕಡೆ ಮಾತ್ರ ಅದು ಅವರ ಕಣ್ಣಿಗೆ ಬೀಳುತ್ತದೆ. ನನ್ನ ಮಟ್ಟಿಗೆ, ಎದುರು ಪಕ್ಷದಲ್ಲಿ ಯೋಗ್ಯ ಮನುಷ್ಯ ನಿಂತಿದ್ದರೆ ಒಂದು ಸಲ ಅವನಿಗೆ ಹಾಕುವುದು ನೋಟಾಗಿಂತ ಗಟ್ಟಿ ಏಟು. ನಿನ್ನ ಅಪ್ಪ ಇದನ್ನು ಒಪ್ಪುವುದಿಲ್ಲ. ಬೇರೆ ಗುಂಡಿಗೆ ಕೈ ಹೋಗುವುದಿಲ್ಲ ಅನ್ನುತ್ತಾರೆ.

ವೋಟು ವರ್ಗಾವಣೆಯ ವಿಚಾರ. ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿ ಹೆಸರಿರಬೇಕು ಅನ್ನುವುದು ಕಾನೂನು, ಹಾಗಾಗಿ ನೀನು ಬೆಂಗಳೂರಿಗೆ ಹಾಕಿಸಿಕೊಂಡರೆ ತಪ್ಪಿಲ್ಲ. ಆದರೆ ಫಾರಂ 6 ತುಂಬಬೇಡ. ಅದು ಹೊಸಬರಿಗೆ. ಅದನ್ನು ತುಂಬಿದವರ ಹೆಸರು ಎರಡೂ ಕಡೆ ಉಳಿದುಬಿಡುತ್ತದೆ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಉಂಟು. ವಿಳಾಸ ಬದಲಿಗೂ ಹೆಸರು ತಿದ್ದುವುದಕ್ಕೂ ಫಾರಂ 8. ಚುನಾವಣೆ ಘೋಷಣೆಯಾದ ಮೇಲೆ ಓಡಾಡಬೇಡ, ಮೊದಲೇ ಮುಗಿಸು. ಪಿಜಿಯಲ್ಲಿರುವವರಿಗೆ ವಿಳಾಸದ ದಾಖಲೆಯೇ ತೊಡಕು. ನೋಂದಣಿಯಾದ ಬಾಡಿಗೆ ಕರಾರು ಇಲ್ಲದಿದ್ದರೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಲ್ಲಿನ ವಿಳಾಸ ಮಾಡಿಸಿಕೋ. ಮತಗಟ್ಟೆ ಅಧಿಕಾರಿ ಮನೆಗೆ ಬಂದು ಕೇಳಿದಾಗ ಓನರು 'ಹಾಗಂತ ಯಾರೂ ಇಲ್ಲ' ಎಂದರೆ ಅರ್ಜಿ ಬೀಳುತ್ತದೆ, ಅವರಿಗೆ ಹೇಳಿಟ್ಟಿರು.

ವರ್ಗ ಮಾಡಿಸಿದರೆ ಕಳೆದುಕೊಳ್ಳುವುದು ಏನೆಂದೂ ತಿಳಿದಿರಲಿ. ಗ್ರಾಮ ಪಂಚಾಯಿತಿಯ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭೆ ಪಟ್ಟಿಯಿಂದಲೇ, ಹಾಗಾಗಿ ಇಲ್ಲಿನ ಪಂಚಾಯಿತಿ ವೋಟೂ ಹೋಗುತ್ತದೆ. ಸ್ಥಳೀಯ ಸಂಸ್ಥೆಗಳಲ್ಲಿ ಪಕ್ಷದ ಗುರುತಿಲ್ಲದೆ ನಡೆಯುವ ಚುನಾವಣೆ ಇದೊಂದೇ. 'ಬೆಂಬಲಿತ ಅಭ್ಯರ್ಥಿ' ಎಂದು ಹಿಂಬಾಗಿಲಿನಿಂದ ಪಕ್ಷ ಬರುತ್ತದೆ ನಿಜ, ಫಲಿತಾಂಶದ ದಿನ ಎಲ್ಲ ಪಕ್ಷದವರೂ ಹೇಳುವ ಲೆಕ್ಕ ಕೂಡಿದರೆ ಇರುವ ಸ್ಥಾನಕ್ಕಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ. ಆದರೂ ಅಲ್ಲಿ ಟಿಕೆಟ್ ಕೊಡುವವರು ಬೇಕಿಲ್ಲ. ಅತ್ತ ಬೆಂಗಳೂರಿನಲ್ಲಿ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇರಲಿಲ್ಲ.

ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಆಗಬೇಕು. ಅಲ್ಲಿ ನಡೆಯುವ ಕುತಂತ್ರ ಒಂದೇ: ಹಾಜರಾತಿ ಪುಸ್ತಕಕ್ಕೆ ಮೊದಲೇ ಸಹಿ ಹಾಕಿಸಿಕೊಂಡು ನಡಾವಳಿಯನ್ನು ಆಮೇಲೆ ಬರೆಯುವುದು. ಸಭೆಯಲ್ಲೇ ನಿರ್ಣಯ ಓದಿಸಬೇಕು. ಹದಿನೈದನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಆ ವರ್ಷಗಳ ಕ್ರಿಯಾ ಯೋಜನೆಯಲ್ಲಿ ಅದು ಇದೆಯಾ ನೋಡು. ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕು: ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 'ಎಲ್ಲ ಕಾಮಗಾರಿಗಳ ಮಾಹಿತಿ' ಎಂದು ಬರೆದರೆ ತಿರಸ್ಕರಿಸಲು ಅವರಿಗೆ ನೀನೇ ಕಾರಣ ಕೊಟ್ಟಂತೆ. ಇಂಥ ತಾರೀಖಿನ ಗ್ರಾಮ ಸಭೆಯ ನಡಾವಳಿ ಎಂದಷ್ಟೇ ಕೇಳು. 30 ದಿನ ಕಾದು ಮೇಲ್ಮನವಿ ಹಾಕು.

ನಮ್ಮ ಸೊಸೈಟಿಯ ಮಹಾಸಭೆಗೂ ಬಾ. ಅಜ್ಜನ ಷೇರು ನಿನ್ನ ಹೆಸರಿಗೆ ಆಗಿದೆ.

ಫಾರಂ 8 ತುಂಬುವುದಾದರೆ ವೋಟರ್ ಕಾರ್ಡಿನ ನಂಬರ್ ಬೇಕಾಗುತ್ತದೆ. ನಿನ್ನ ಕಾರ್ಡು ಇಲ್ಲೇ ಬೀರುವಿನಲ್ಲಿದೆ, ಎರಡೂ ಬದಿ ಫೋಟೊ ತೆಗೆದು ಕಳಿಸಲು ತಮ್ಮನಿಗೆ ಹೇಳಿದ್ದೇನೆ. ಅದರಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ತಪ್ಪಿದೆ, ವರ್ಗ ಮಾಡಿಸಿದರೂ ಬಿಟ್ಟರೂ ಅದನ್ನು ತಿದ್ದಿಸಿಕೋ.

ಇಂತಿ,
ನಿನ್ನ ಅಮ್ಮ