ಈ ವಾರದ ಆಲ್ಬಮ್: ಅರ್ನಾಲ್ಡೊ ಬಾಪ್ಟಿಸ್ಟಾ

ನಮಸ್ಕಾರ ಎಲ್ಲರಿಗೂ. ಈ ವಾರ ಬ್ರೆಜಿಲ್‌ನ ಅರ್ನಾಲ್ಡೊ ಬಾಪ್ಟಿಸ್ಟಾ ಅವರ ‘ಲೋಕಿ?’ (1974) ಕೇಳೋಣ. ಸಾವೊ ಪೌಲೊದ ಓಸ್ ಮುಟಾಂಚಿಸ್ ಎಂಬ ರಾಕ್ ತಂಡ ಕಟ್ಟಿದವರಲ್ಲಿ ಇವರೂ ಒಬ್ಬರು. ಆ ತಂಡದ ತರಲೆ ಒಂದೆರಡಲ್ಲ. 1968ರ ಮೊದಲ ಆಲ್ಬಮ್‌ನಲ್ಲಿ ಸೊಳ್ಳೆ ಔಷಧಿ ಹೊಡೆಯುವ ಪಂಪನ್ನೇ ತಾಳಕ್ಕೆ ಬಳಸಿದ್ದರು!

‘ಲೋಕಿ?’ಯಲ್ಲಿ ಆ ತುಂಟತನ ಕಮ್ಮಿ, ಸಂಕಟ ಜಾಸ್ತಿ. ಗಿಟಾರ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಪಿಯಾನೊದ್ದೇ ಕಾರುಬಾರು. ದನಿ ಅಲ್ಲಲ್ಲಿ ಒಡೆಯುತ್ತದೆ, ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯುವುದಿಲ್ಲ. ಅದೇ ತಂಡದ ಗಾಯಕಿಯಾಗಿದ್ದ, ಬಾಪ್ಟಿಸ್ಟಾ ಅವರನ್ನು ಮದುವೆಯಾಗಿ ಆಗಲೇ ದೂರವಾಗಿದ್ದ ರೀಟಾ ಲೀ ಹಿನ್ನೆಲೆಯಲ್ಲಿ ದನಿಗೂಡಿಸಿದ್ದಾರೆ, ಅದನ್ನು ತಪ್ಪದೆ ಗಮನಿಸಿ. ಬಾಪ್ಟಿಸ್ಟಾ ಅವರಿಗೆ ‘ಹುಚ್ಚು ಪ್ರತಿಭೆ’ ಅಂತ ಸುಮ್ನೆ ಹಣೆಪಟ್ಟಿ ಹಚ್ಚೋದು ನನಗಂತೂ ಒಪ್ಪಿಗೆಯಿಲ್ಲ. ಪಿಯಾನೊ ನುಡಿಸುವ ಕೈ ಎಷ್ಟು ಪಳಗಿದೆ ಅಂತ ಕೇಳಿದರೆ ಗೊತ್ತಾಗುತ್ತದೆ ಅಲ್ವಾ?

ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಭಾನುವಾರದೊಳಗೆ ಅನಿಸಿಕೆ ಇಲ್ಲೇ ಹಾಕಿ, ವಾಯ್ಸ್ ನೋಟ್ ಆದರೂ ಸರಿ.