ಕುಕಿಂಗ್ ರೇಂಜ್: ಮೊದಲು ವೈರಿಂಗ್ ನೋಡಿ, ಆಮೇಲೆ ಮಾಡೆಲ್

ಮಾನ್ಯ ಸಂಪಾದಕರೇ,

ಮೇಲೆ ನಾಲ್ಕು ಒಲೆ, ಕೆಳಗೆ ಓವನ್ ಸೇರಿಕೊಂಡ ಎಲೆಕ್ಟ್ರಿಕ್ ಕುಕಿಂಗ್ ರೇಂಜ್ ಕೊಳ್ಳಲು ಹೊರಟವರಿಗೆ ಸಿಗುವ ಸಲಹೆಗಳೆಲ್ಲ ಬಣ್ಣ, ಗಾಜಿನ ಹೊಳಪು, ಟಚ್ ಬಟನ್‌ಗಳ ಸುತ್ತಲೇ ಇರುತ್ತವೆ. ಇದನ್ನು ಜೋಡಿಸುವ, ರಿಪೇರಿ ಮಾಡುವ ಕೆಲಸ ಬಲ್ಲವರು ಮೊದಲು ಕೇಳುವ ಪ್ರಶ್ನೆ ಬೇರೆ: ಮನೆಯ ವೈರಿಂಗ್ ಎಷ್ಟು ಆಂಪ್ ತಡೆಯುತ್ತದೆ? ಇದಕ್ಕೆ ಉತ್ತರ ಸಿಗುವ ತನಕ ಮಾಡೆಲ್ ಆರಿಸಬೇಡಿ ಎಂದು ಓದುಗರಿಗೆ ಹೇಳುವುದಕ್ಕೇ ಈ ಪತ್ರ.

ಲೆಕ್ಕ ಸುಲಭ. ಓವನ್ ಬಾಗಿಲು ತೆರೆದರೆ ಚೌಕಟ್ಟಿನ ಅಂಚಿನಲ್ಲೋ, ಕೆಳಗಿನ ಡ್ರಾಯರ್ ಹಿಂದೆಯೋ ರೇಟಿಂಗ್ ಪ್ಲೇಟ್ ಇರುತ್ತದೆ. ಅದರಲ್ಲಿ ಒಟ್ಟು ಲೋಡ್ 11 ಕಿಲೋವ್ಯಾಟ್ ಎಂದಿದ್ದರೆ 230 ವೋಲ್ಟ್‌ಗೆ ಸುಮಾರು 48 ಆಂಪ್ ಆಯಿತು. ಎಲ್ಲ ಒಲೆಗಳೂ ಓವನ್ನೂ ಒಂದೇ ಹೊತ್ತಿಗೆ ಪೂರ್ತಿ ಕಾಯುವುದು ಅಪರೂಪ. ಹಾಗಾಗಿ ಬ್ರಿಟನ್ನಿನ ಎಲೆಕ್ಟ್ರಿಷಿಯನ್‌ಗಳು ಮೊದಲ 10 ಆಂಪ್ ಪೂರ್ತಿ, ಉಳಿದ 38ರಲ್ಲಿ ಶೇ 30ರಷ್ಟು ಮಾತ್ರ ಹಿಡಿಯುತ್ತಾರೆ. ಆಗ ಬರುವುದು 21.4 ಆಂಪ್. ಅದೇ ಸ್ವಿಚ್‌ಬೋರ್ಡಿನಲ್ಲಿ ಸಾಕೆಟ್ ಇದ್ದರೆ ಇನ್ನೊಂದು 5 ಸೇರಿಸುತ್ತಾರೆ. ಇಂಥ ಲೋಡಿಗೆ 32 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), 6 ಚದರ ಮಿ.ಮೀ. ತಾಮ್ರದ ವೈರ್ ಸಾಮಾನ್ಯವಾಗಿ ಸಾಕಾಗುತ್ತದೆ. ವೈರ್ ತುಂಬಾ ದೂರ ಹೋಗುವುದಿದ್ದರೆ ಅಥವಾ ಶಾಖ ನಿಲ್ಲುವ ಜಾಗದಲ್ಲಿ ಹಾದು ಹೋಗುವುದಿದ್ದರೆ ಒಂದು ಸೈಜ್ ದಪ್ಪದ್ದೇ ಹಾಕಬೇಕು. ಕಂಪನಿಯ ಕೈಪಿಡಿ ಇದಕ್ಕಿಂತ ಹೆಚ್ಚು ಕೇಳಿದರೆ ಕೈಪಿಡಿಯ ಮಾತೇ ಅಂತಿಮ. ಲೈನ್ ಮಾತ್ರ ರೇಂಜ್‌ಗೆಂದೇ ಪ್ರತ್ಯೇಕವಾಗಿರಬೇಕು. ಫ್ರಿಜ್, ಮಿಕ್ಸಿಯ ಲೈನಿಗೆ ಸೇರಿಸುವುದು, ಎಕ್ಸ್‌ಟೆನ್ಷನ್ ಬಾಕ್ಸ್ ಹಾಕುವುದು ಬೆಂಕಿಗೆ ದಾರಿ.

ಲೈನ್ ಅಷ್ಟು ತಡೆಯದಿದ್ದರೆ ನಿರಾಶೆ ಬೇಡ. ಹಲವು ಇಂಡಕ್ಷನ್ ಮಾಡೆಲ್‌ಗಳಲ್ಲಿ ಒಲೆಗಳ ಒಟ್ಟು ಲೋಡನ್ನು ಜೋಡಿಸುವಾಗಲೇ ಕಡಿಮೆ ಮಟ್ಟಕ್ಕೆ ಕಟ್ಟಿಹಾಕುವ ಸೆಟಿಂಗ್ ಇರುತ್ತದೆ. ಕೊಳ್ಳುವ ಮುನ್ನ ಕೈಪಿಡಿ ಕೇಳಿ ಪಡೆದು ಆ ಪುಟ ಓದಿ.

ರೇಂಜಿನ ಹಿಂಬದಿಯಲ್ಲಿ ವೈರುಗಳನ್ನು ಸ್ಕ್ರೂ ಹಾಕಿ ಕೂಡಿಸುವ ಟರ್ಮಿನಲ್ ಬ್ಲಾಕ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಹೊಸ ಉಪಕರಣ ಸುಡುವುದು ಹೆಚ್ಚಾಗಿ ಅಲ್ಲೇ. ಸ್ಕ್ರೂ ಸಡಿಲವಾಗಿ ಅಲ್ಲಿ 0.1 ಓಮ್ ತಡೆ ಹುಟ್ಟಿತು ಎನ್ನಿ. 30 ಆಂಪ್ ಹರಿದಾಗ 30 ಗುಣಿಸು 30 ಗುಣಿಸು 0.1, ಅಂದರೆ 90 ವ್ಯಾಟ್ ಶಾಖ ಆ ಒಂದು ಸ್ಕ್ರೂ ಬುಡದಲ್ಲಿ. ಮೂರು ಸಣ್ಣ ಸಾಲ್ಡರಿಂಗ್ ಐರನ್‌ಗಳನ್ನು ಒಂದೇ ಕಡೆ ಒತ್ತಿ ಹಿಡಿದ ಹಾಗೆ. ವೈರಿನ ಹೊದಿಕೆ ಮೊದಲು ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಮಟು ವಾಸನೆ, ಕೊನೆಗೆ ಬ್ಲಾಕ್ ಕರಗುತ್ತದೆ. ಕರೆಂಟ್ ಮಿತಿಯೊಳಗೇ ಇರುವುದರಿಂದ ಎಂಸಿಬಿ ಇದನ್ನು ಹಿಡಿಯುವುದಿಲ್ಲ. ವೈರಿನ ಎಳೆಗಳೆಲ್ಲ ಟರ್ಮಿನಲ್ ಒಳಗೆ ಕೂತಿವೆಯೇ, ಹೊದಿಕೆ ಸ್ಕ್ರೂ ಕೆಳಗೆ ಸಿಕ್ಕಿಕೊಂಡಿಲ್ಲವೇ, ಕೇಬಲ್ ಎಳೆದರೆ ಭಾರ ಸ್ಕ್ರೂಗಳ ಮೇಲೆ ಬೀಳದೆ ಕೇಬಲ್ ಹಿಡಿಯುವ ಕ್ಲ್ಯಾಂಪ್ ಮೇಲೆ ಬೀಳುತ್ತದೆಯೇ ಎಂದು ಮುಚ್ಚಳ ಹಾಕುವ ಮುನ್ನ ನಿಂತು ನೋಡಿ. ಅದೇ ಬ್ಲಾಕಿನಲ್ಲಿ ತಾಮ್ರದ ಚಿಕ್ಕ ಲಿಂಕ್‌ಗಳಿರುತ್ತವೆ. ಸಿಂಗಲ್ ಫೇಸಿಗೆ ಒಂದು ಜೋಡಣೆ, ತ್ರೀ ಫೇಸಿಗೆ ಇನ್ನೊಂದು. ಇದು ತಪ್ಪಿ 230 ವೋಲ್ಟ್ ಸಿಗಬೇಕಾದ ಕಂಟ್ರೋಲ್ ಬೋರ್ಡಿಗೆ 400 ವೋಲ್ಟ್ ಹೋದರೆ ಆನ್ ಮಾಡಿದ ಕ್ಷಣದಲ್ಲೇ ಬೋರ್ಡ್ ಹೋಗುತ್ತದೆ. ವಾರಂಟಿ ಇದನ್ನು ಒಪ್ಪುವುದು ಕಷ್ಟ.

ಇನ್ನೊಂದು ಗೊಂದಲ: ಹೊಸ ಓವನ್ ಹಾಕಿದೊಡನೆ ಆರ್‌ಸಿಸಿಬಿ (ಕರೆಂಟ್ ಸೋರಿಕೆಯಾದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗುವುದು. ಹೀಟರ್ ಕೊಳವೆಯೊಳಗೆ ತಂತಿಯ ಸುತ್ತ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ಗೋದಾಮಿನಲ್ಲಿ ತೇವ ಹೀರಿಕೊಂಡಿರಬಹುದು. ಸೋರಿಕೆ 30 ಮಿಲಿಆಂಪ್ ಹತ್ತಿರ ಬಂದರೆ ಟ್ರಿಪ್ ಸಹಜ. ಎಲೆಕ್ಟ್ರಿಷಿಯನ್ ಸೋರಿಕೆ ಪರೀಕ್ಷಿಸುವ ಮೆಗ್ಗರ್‌ನಿಂದ ಯಾವ ಹೀಟರ್ ಎಂದು ಪತ್ತೆ ಮಾಡಿ, ಅದನ್ನು ನಿಧಾನ ಶಾಖದಲ್ಲಿ ಒಣಗಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಆಗದಿದ್ದರೆ ಹೀಟರ್ ಬದಲಿಸಬೇಕು. ಟ್ರಿಪ್ ನಿಲ್ಲಲಿ ಎಂದು ಅರ್ಥ್ ವೈರ್ ಕಳಚುವವರಿದ್ದಾರೆ. ಮೈಗೆ ಶಾಕ್ ಹೊಡೆಸುವ ಕೆಲಸ ಅದು. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ.

ಇನ್ನು ಒಲೆಯ ಬಗೆ. ಸುರುಳಿ ಕಾಯಿಲ್‌ನದು ನೋಡಲು ಹಳೆಯದು, ಆದರೆ ರಿಪೇರಿ ಸುಲಭ. ಕಾಯಿಲ್ ಎಳೆದು ತೆಗೆದು ಮಲ್ಟಿಮೀಟರ್ ಇಟ್ಟರೆ 230 ವೋಲ್ಟಿನ 2,000 ವ್ಯಾಟ್ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು. ತೋರಿಸಿಯೂ ಕಾಯದಿದ್ದರೆ ಅದು ಕೂರುವ ಸಾಕೆಟ್ ಅಥವಾ ಸ್ವಿಚ್ ಮೇಲೆ ಅನುಮಾನ ಪಡಬೇಕು. ಸಾಕೆಟ್ ಕಪ್ಪಾಗಿದ್ದರೆ ಕಾಯಿಲ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ.

ಗಾಜಿನ ಕೆಳಗೆ ಕೆಂಪಗೆ ಕಾಯುವ ರಿಬ್ಬನ್ ಬಗೆಯಲ್ಲಿ ಉರಿ ಸಣ್ಣದಾಗುವುದಿಲ್ಲ. ನಾಬ್ ಮಧ್ಯಕ್ಕೆ ತಿರುಗಿಸಿದರೂ ರಿಬ್ಬನ್ ಪೂರ್ತಿ ಶಕ್ತಿಯಲ್ಲೇ ಕಾದು, ಆರಿ, ಮತ್ತೆ ಕಾಯುತ್ತದೆ. ತೆಳು ತಳದ ಪಾತ್ರೆಯಲ್ಲಿ ತಳ ಹಿಡಿಯುವುದು ಇದರಿಂದಲೇ. ಪಾತ್ರೆ ಮಗುಚಿ ತಳಕ್ಕೆ ಸ್ಕೇಲ್ ಅಡ್ಡ ಇಟ್ಟು ನೋಡಿ. ನಡುವೆ ಉಬ್ಬಿ ಗಿರಕಿ ಹೊಡೆಯುವ ಪಾತ್ರೆ ಇದಕ್ಕೆ ಆಗದು. ಸಕ್ಕರೆ ಪಾಕ ಚೆಲ್ಲಿದರೆ ಆರಲು ಬಿಡದೆ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು, ಬ್ಲೇಡ್ ಸ್ಕ್ರೇಪರ್‌ನಿಂದ ಬಿಸಿ ಇರುವಾಗಲೇ ತೆಗೆಯಬೇಕು. ಆರಿದ ಪಾಕ ಗಾಜಿನ ಚಕ್ಕೆ ಎಬ್ಬಿಸುತ್ತದೆ. ಈ ಗಾಜು ಬಿಸಿಗೂ ತಣ್ಣನೆ ನೀರಿಗೂ ಜಗ್ಗುವುದಿಲ್ಲ, ಆದರೆ ಪೆಟ್ಟು ಬಿದ್ದರೆ, ಅದರಲ್ಲೂ ಅಂಚಿಗೆ ಬಿದ್ದರೆ, ಬಿರಿಯಬಹುದು. ಕೂದಲೆಳೆಯಷ್ಟು ಬಿರುಕು ಕಂಡರೂ ಮೇನ್ ಆಫ್ ಮಾಡಿ. ಚೆಲ್ಲಿದ ನೀರು ಬಿರುಕಿನಲ್ಲಿ ಇಳಿದರೆ ಕೆಳಗಿರುವುದು ಕರೆಂಟ್.

ಇಂಡಕ್ಷನ್‌ನಲ್ಲಿ ಕಾಯುವುದು ಪಾತ್ರೆಯ ತಳವೇ ಆದ್ದರಿಂದ ವಿದ್ಯುತ್ ಉಳಿತಾಯವೂ ಉರಿಯ ಹಿಡಿತವೂ ಉಳಿದೆರಡಕ್ಕಿಂತ ಚೆನ್ನ. ಲೈನ್ ಸರಿ ಇದ್ದವರಿಗೆ ಅದೇ ನಮ್ಮ ಮೊದಲ ಆಯ್ಕೆ. ಮ್ಯಾಗ್ನೆಟ್ ಹಿಡಿದು ಪಾತ್ರೆ ಪರೀಕ್ಷಿಸುವುದು ಎಲ್ಲರಿಗೂ ಗೊತ್ತು. ಆದರೆ ತಳದ ನಡುವಿಗೆ ಮಾತ್ರ ಇಟ್ಟು ನೋಡಿ ಬಿಡುತ್ತಾರೆ. ಅಂಚಿನವರೆಗೂ ಸರಿಸಿ ನೋಡಿ. ನಡುವೆ ಮಾತ್ರ ಕಬ್ಬಿಣದ ಬಿಲ್ಲೆ ಕೂರಿಸಿದ ಪಾತ್ರೆಯ ಅಂಚು ಕಾಯುವುದಿಲ್ಲ. ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ, ಒಂದು ಒಲೆಗೆ ಕೆಲಹೊತ್ತು ಹೆಚ್ಚು ಶಕ್ತಿ ಕೊಡುವ ಬೂಸ್ಟ್ ಬಟನ್ ಒತ್ತಿದಾಗ ಪಕ್ಕದ ಒಲೆಗೆ ಎಷ್ಟು ವ್ಯಾಟ್ ಉಳಿಯುತ್ತದೆ ಎಂಬುದು. ಹಲವು ಮಾಡೆಲ್‌ಗಳಲ್ಲಿ ಹಿಂದು ಮುಂದಿನ ಎರಡು ಒಲೆಗಳಿಗೆ ಒಂದೇ ಪವರ್ ಬೋರ್ಡ್, ಎರಡಕ್ಕೂ ಸೇರಿ ಸುಮಾರು 3.7 ಕಿಲೋವ್ಯಾಟ್. ಒಂದು ಬಹುಪಾಲು ಎಳೆದುಕೊಂಡರೆ ಇನ್ನೊಂದು ಉಗುರುಬೆಚ್ಚಗೆ ಇಳಿಯುತ್ತದೆ. ದೊಡ್ಡ ಪಾತ್ರೆ ಎರಡನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟರೆ ತೊಂದರೆಯಿಲ್ಲ. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಕೊಳ್ಳುವ ಮುನ್ನ ವೈದ್ಯರನ್ನು ಕೇಳಿ.

ಓವನ್ ವಿಷಯದಲ್ಲಿ ಫ್ಯಾನ್ ಇದೆ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಫ್ಯಾನ್ ಸುತ್ತ ಉಂಗುರದ ಹೀಟರ್ ಇದೆಯೇ, ಅದರ ವ್ಯಾಟ್ ಎಷ್ಟು ಎಂದು ಕೇಳಿ. ಅದಿದ್ದರೆ ಎರಡು ಟ್ರೇ ಇಟ್ಟಾಗಲೂ ಶಾಖ ಹೆಚ್ಚುಕಡಿಮೆ ಸಮನಾಗಿ ತಲುಪುತ್ತದೆ. ಆಗ ರೆಸಿಪಿಯಲ್ಲಿ ಮಾಮೂಲು ಓವನ್ನಿಗೆ ಹೇಳಿದ್ದಕ್ಕಿಂತ 20 ಡಿಗ್ರಿ ಕಡಿಮೆ ಇಡಬೇಕು. ಒಳಗಿನ ಜಿಡ್ಡನ್ನು ಸುಟ್ಟು ಬೂದಿ ಮಾಡುವ ಸೆಲ್ಫ್ ಕ್ಲೀನ್‌ನಲ್ಲಿ ಒಳಗೆ 500 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಅದಾದ ಮೇಲೆ ಓವನ್ ಸತ್ತಂತೆ ಕೂತರೆ ಥರ್ಮಲ್ ಫ್ಯೂಸ್, ಬಾಗಿಲು ತೆರೆಯದಿದ್ದರೆ ಲಾಕ್ ಮೋಟರ್ ನೋಡಬೇಕು. ಸೆಲ್ಫ್ ಕ್ಲೀನ್ ನಡೆಯುವಾಗ ಏಳುವ ಹೊಗೆ ಸಾಕಿದ ಪಕ್ಷಿಗಳ ಜೀವಕ್ಕೇ ಅಪಾಯ. ಒಳಗಿನ ಶಾಖ ನಿಖರವೇ ಎಂದು ತಿಳಿಯಲು 180 ಡಿಗ್ರಿಗೆ ಇಟ್ಟು, ಬೀಪ್ ಕೇಳಿದ ಮೇಲೂ ಅರ್ಧ ಗಂಟೆ ಕಾಯಬೇಕು. ಗಾಳಿ ಬೇಗ ಕಾಯುತ್ತದೆ, ಗೋಡೆಗಳು ನಿಧಾನ. ಓವನ್ ಥರ್ಮಾಮೀಟರಿನಲ್ಲಿ 10–15 ಡಿಗ್ರಿ ಏರಿಳಿತ ಕಂಡರೆ ಅದು ಥರ್ಮೋಸ್ಟಾಟಿನ ಸಹಜ ಆಟ. ಸದಾ ಒಂದೇ ಕಡೆಗೆ ತಪ್ಪುತ್ತಿದ್ದರೆ ಸೆಟಿಂಗ್ ತಿದ್ದಬಹುದು.

ಪ್ಯಾಕಿಂಗ್ ಬಿಚ್ಚುವಾಗ ಚಿಕ್ಕ ಕಬ್ಬಿಣದ ಬ್ರಾಕೆಟ್ ಸಿಕ್ಕರೆ ಎಸೆಯಬೇಡಿ. ಓವನ್ ಬಾಗಿಲು ತೆರೆದಿರುವಾಗ ಮಗುವೊಂದು ಅದರ ಮೇಲೆ ಹತ್ತಿದರೂ ಇಡೀ ರೇಂಜ್ ಮುಂದಕ್ಕೆ ಮಗುಚಬಹುದು, ಮೇಲಿನ ಕುದಿಯುವ ಪಾತ್ರೆಗಳ ಸಮೇತ. ಬ್ರಾಕೆಟ್ ನೆಲಕ್ಕೋ ಗೋಡೆಗೋ ಸ್ಕ್ರೂ ಹಾಕಿ, ರೇಂಜಿನ ಹಿಂಗಾಲು ಅದರೊಳಗೆ ಹೋಗಿ ಕೂರುವಂತೆ ತಳ್ಳಬೇಕು. ನೆಲ ಕೊರೆಯುವುದು ಬೇಡ ಎಂದು ಜೋಡಿಸುವವರು ಇದನ್ನು ಬಿಟ್ಟು ಹೋಗುತ್ತಾರೆ. ಮುಂದೆ ನಿಂತು ಹಾಕಿಸಿಕೊಳ್ಳಿ.

ಮಾರುವವರಲ್ಲಿ ನಮ್ಮದೊಂದು ಕೋರಿಕೆ. ಅಂಗಡಿಯಲ್ಲಿ ತೂಗುಹಾಕುವ ಚೀಟಿಯಲ್ಲಿ ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಒಟ್ಟು ಕಿಲೋವ್ಯಾಟ್, ಬೇಕಾದ ಎಂಸಿಬಿ ಮತ್ತು ವೈರ್ ಸೈಜ್, ಬೂಸ್ಟ್‌ನಲ್ಲಿ ಪಕ್ಕದ ಒಲೆಗೆ ಉಳಿಯುವ ವ್ಯಾಟ್, ಕಂಟ್ರೋಲ್ ಬೋರ್ಡ್ ಎಷ್ಟು ವರ್ಷ ಬಿಡಿಭಾಗವಾಗಿ ಸಿಗುತ್ತದೆ ಎಂಬ ಈ ನಾಲ್ಕು ಸಂಗತಿ ಬರೆಯಲಿ. ಬರೆಯದಿದ್ದರೆ ಗ್ರಾಹಕರು ಬಿಲ್ ಹಾಕಿಸುವ ಮುನ್ನ ಲಿಖಿತವಾಗಿ ಕೇಳಿ ಪಡೆಯಲಿ.

ಇಂತಿ,
ವಿದ್ಯುತ್ ಉಪಕರಣಗಳ ಜೋಡಣೆ, ರಿಪೇರಿ ಬಲ್ಲ ಓದುಗರು