ಮೊದಲು ಗೈಡ್ ನೋಡು, ಆಮೇಲೆ ಊರು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ "ಎಲ್ಲಿ ಸಿಕ್ಕರೂ ಸರಿ ಅಮ್ಮ, ಪಿಎಚ್.ಡಿ.ಗೆ ಸೇರಿಬಿಡ್ತೀನಿ" ಅಂದೆಯಲ್ಲ, ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಾದರೆ ಅರ್ಧ ಮಾತು ಮರೆತುಹೋಗುತ್ತೆ. ಅದಕ್ಕೇ ಬರೆಯುತ್ತಿದ್ದೀನಿ.

17 ವರ್ಷದಿಂದ ಪಿಎಚ್.ಡಿ. ಸೆಕ್ಷನ್ನಿನಲ್ಲಿ ಫೈಲ್ ನೋಡಿಕೊಂಡಿದ್ದೀನಿ. ಸೇರುವ ದಿನ ಚಲನ್ ಹಿಡಿದು ನಗುತ್ತಾ ಬಂದ ಹುಡುಗಿಯೇ ಐದಾರು ವರ್ಷದ ಮೇಲೆ ಎಕ್ಸ್‌ಟೆನ್ಷನ್ ಅರ್ಜಿ ಹಿಡಿದು ಕೌಂಟರ್ ಮುಂದೆ ನಿಂತಿದ್ದನ್ನು ಎಷ್ಟೋ ಸಲ ನೋಡಿದ್ದೀನಿ. ಹೋದ ವರ್ಷ ಒಬ್ಬಳು ಬಂದಿದ್ದಳು. ಆರು ತಿಂಗಳ ಪ್ರಗತಿ ವರದಿ ಕೊಡಬೇಕಿತ್ತು. ಗೈಡ್, ಅಂದರೆ ಸಂಶೋಧನೆ ಮಾಡಿಸುವ ಪ್ರೊಫೆಸರ್, ಸಹಿ ಮಾಡುವ ಜಾಗದಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಇಂಟು ಗುರುತು ಹಾಕಿಟ್ಟುಕೊಂಡಿದ್ದಳು. ಸರ್ ಸಿಕ್ಕ ತಕ್ಷಣ ತೋರಿಸೋಕೆ. ನಾಲ್ಕು ತಿಂಗಳು ಆ ಹಾಳೆ ಬ್ಯಾಗಿನಲ್ಲೇ ಓಡಾಡಿತ್ತು. ಮಡಿಸಿ ಮಡಿಸಿ ನಡುವೆ ಹರಿಯುವ ಹಾಗಾಗಿತ್ತು. ಅವಳ ಕೆಲಸ ಮುಗಿದಿತ್ತು, ಸಹಿ ಮಾತ್ರ ಬಂದಿರಲಿಲ್ಲ.

ಅದಕ್ಕೇ ಹೇಳ್ತೀನಿ, ಗೈಡ್ ಯಾರು ಅಂತ ಮೊದಲು ನೋಡು. ಯೂನಿವರ್ಸಿಟಿ ಹೆಸರು, ಊರು, ಹಾಸ್ಟೆಲ್ ಎಲ್ಲ ಆಮೇಲೆ.

ನೀನು ಸಿದ್ದಾಪುರದ ಕಡೆ ಕತ್ತಲೆಕಾನಿಗೆ ಹೋಗಿಬಂದು ರಾಮಪತ್ರೆ ಜಡ್ಡಿಯ, ಅದೇ ಆ ಜೌಗು ಕಾಡಿನ, ಫೋಟೋ ತೋರಿಸಿದ್ದೆ. ಮೊಣಕಾಲು ಮಡಿಸಿದ ಹಾಗೆ ಕೆಸರಿನಿಂದ ಎದ್ದ ಬೇರುಗಳು. ಊಟ ಆರಿಹೋದರೂ ನಿನ್ನ ಮಾತು ನಿಲ್ಲಲಿಲ್ಲ. ಅಷ್ಟು ಇಷ್ಟದ ವಿಷಯ ಬಿಟ್ಟು, ಸೀಟು ಖಾಲಿ ಇದೆ ಅಂತ ಇನ್ಯಾವುದಕ್ಕೋ ಸೇರಬೇಡ. ಬೆಂಗಳೂರಿನಲ್ಲೇ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರ ಇದೆ, ಜೀವವಿಜ್ಞಾನದ ಎನ್‌ಸಿಬಿಎಸ್ ಇದೆ, ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆ ಇದೆ. ಕಾಡು, ಮರ, ಜೌಗು ನೆಲದ ಮೇಲೆ ಅಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆ ನೋಡು. ಅವರ ಎರಡು ಪೇಪರ್ ಪೂರ್ತಿ ಓದು. ಓದಿದ ಮೇಲೆ ಇಮೇಲ್ ಬರಿ. ನಾಲ್ಕೈದು ಸಾಲು ಸಾಕು. ನೂರು ಜನಕ್ಕೆ ಒಂದೇ ಪತ್ರ ಕಳಿಸಬೇಡ, ಓದಿದ ತಕ್ಷಣ ಗೊತ್ತಾಗಿಬಿಡುತ್ತೆ.

ಗೈಡ್ ಹತ್ತಿರ ಮಾತಾಡಿದರೆ ಸಾಲದು. ಅವರ ಕೈಕೆಳಗೆ ಈಗ ಇರುವವರನ್ನು, ಆಗಲೇ ಮುಗಿಸಿದವರನ್ನು, ಸಾಧ್ಯವಾದರೆ ಅರ್ಧಕ್ಕೆ ಬಿಟ್ಟವರನ್ನೂ ಮಾತಾಡಿಸು. ಎಷ್ಟು ವರ್ಷ ಹಿಡಿಯಿತು, ಬರೆದುಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತೆ, ಪೇಪರಿನಲ್ಲಿ ಯಾರ ಹೆಸರು ಮೊದಲು ಬರುತ್ತೆ, ಫೀಲ್ಡಿಗೆ ಒಬ್ಬಳನ್ನೇ ಕಳಿಸುತ್ತಾರಾ, ಎಲ್ಲ ಕೇಳು. ನಾಚಿಕೊಳ್ಳಬೇಡ. ಮದುವೆಗೆ ಹುಡುಗನ ಮನೆ ಬಗ್ಗೆ ನಾಲ್ಕು ಕಡೆ ವಿಚಾರಿಸುತ್ತಾರೆ, ಇದೂ ಅಷ್ಟೇ ದೊಡ್ಡ ವಿಷಯ ಅಲ್ವಾ? ಅವರ ನಿವೃತ್ತಿ ಯಾವಾಗ ಅಂತಲೂ ತಿಳಿದುಕೋ. ಯುಜಿಸಿಯ 2022ರ ನಿಯಮದಲ್ಲಿ ಸೇವೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಒಬ್ಬ ಪ್ರೊಫೆಸರ್ ಹತ್ತಿರ ಒಂದು ಹೊತ್ತಿಗೆ 8 ಜನ ಮಾತ್ರ ಇರಬಹುದು.

ಇನ್ನು ದುಡ್ಡಿನ ಮಾತು. ಕೈಯಿಂದ ಫೀಸ್ ಕಟ್ಟಿ, ಸಾಲ ಮಾಡಿ ಪಿಎಚ್.ಡಿ. ಮಾಡುವುದು ನನಗೆ ಒಪ್ಪಿಗೆ ಇಲ್ಲ. ಇದು ಐದು ವರ್ಷದ ದುಡಿಮೆ, ದುಡಿಮೆಗೆ ಸಂಬಳ ಬರಬೇಕು. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಅನ್ನೋ ಫೆಲೋಶಿಪ್ ತೆಗೆದರೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಈಗ ನೆಟ್‌ನಲ್ಲಿ 'ಪಿಎಚ್.ಡಿ.ಗೆ ಮಾತ್ರ' ಅಂತ ಇನ್ನೊಂದು ಅರ್ಹತೆಯೂ ಬಂದಿದೆ. ಅದು ಒಂದೇ ವರ್ಷ ನಡೆಯುತ್ತೆ. ಸೀಟಿಗೆ ಉಪಯೋಗ, ಆದರೆ ಜೆಆರ್‌ಎಫ್ ದುಡ್ಡು ಬರಲ್ಲ. ಎರಡೂ ಒಂದೇ ಅಂದುಕೊಂಡು ಸೇರಿ, ಆಮೇಲೆ ನಮ್ಮ ಕೌಂಟರಿಗೆ ಬಂದು ಕಣ್ಣೀರು ಹಾಕಿದವರಿದ್ದಾರೆ.

ನೆಟ್‌ನ ಲೈಫ್ ಸೈನ್ಸ್ ಪೇಪರಿನಲ್ಲಿ ಸಿ ಭಾಗದ 75 ಪ್ರಶ್ನೆಯಲ್ಲಿ 25ಕ್ಕೆ ಉತ್ತರಿಸಿದರೆ ಸಾಕು, 100 ಅಂಕ ಅಲ್ಲೇ ಇದೆ. ತಪ್ಪಾದರೆ ಕಾಲು ಭಾಗ ಅಂಕ ಹೋಗುತ್ತೆ. ಹಾಗಾಗಿ ಎಲ್ಲ ಓದುವುದಕ್ಕಿಂತ ನಿನ್ನ ಪರಿಸರ, ವಿಕಾಸ, ಸಸ್ಯದ ಭಾಗ ಗಟ್ಟಿ ಮಾಡಿಕೋ. ಗೇಟ್ ಪರೀಕ್ಷೆಯಲ್ಲೂ ಪರಿಸರ ಮತ್ತು ವಿಕಾಸ ಅಂತ ಬೇರೆ ಪೇಪರ್ ಇದೆ, ಅದನ್ನೂ ಬರಿ.

ಹೊರದೇಶದ ಆಸೆ ಇದ್ದರೆ ತಡೆಯಲ್ಲ. ಜರ್ಮನಿಯಲ್ಲಿ ಪಿಎಚ್.ಡಿ.ಯನ್ನು ಕೆಲಸದ ಥರ ಜಾಹೀರಾತು ಕೊಟ್ಟು ಕರೆಯುತ್ತಾರೆ, ಸಂಬಳವೂ ಇರುತ್ತೆ. ಅಮೆರಿಕಕ್ಕಾದರೆ ಹೆಚ್ಚಿನ ಕಡೆ ಡಿಸೆಂಬರ್ ಹೊತ್ತಿಗೆ ಅರ್ಜಿ ಹೋಗಬೇಕು. ಮೂರು ಜನರ ಶಿಫಾರಸು ಪತ್ರ ಬೇಕು. ಮೇಡಂ, ಸರ್‌ಗಳಿಗೆ ಎರಡು ತಿಂಗಳು ಮೊದಲೇ ಹೇಳಿಡು. ಕಡೇ ದಿನ ಕೇಳಿದರೆ ಪತ್ರವೂ ಹಾಗೇ ಇರುತ್ತೆ.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಪೋಸ್ಟಾಫೀಸಿನ ಆರ್‌ಡಿ ಬರುವ ಮಾರ್ಚ್‌ಗೆ ಮುಗಿಯುತ್ತೆ. ಚಿನ್ನಕ್ಕೆ ಅಂತ ಕಟ್ಟಿದ್ದೆ. ಅದು ಹಾಗೇ ಇರುತ್ತೆ, ಮುಟ್ಟಲ್ಲ. ಫೆಲೋಶಿಪ್ ಮಂಜೂರಾದರೂ ಕೆಲವು ಸಲ ತಿಂಗಳುಗಟ್ಟಲೆ ಕೈಗೆ ಬರಲ್ಲ. ಆಗ ಬಾಡಿಗೆಗೆ, ಊಟಕ್ಕೆ ಆ ದುಡ್ಡೇ ತಗೋ, ಯಾರ ಹತ್ತಿರವೂ ಕೈ ಚಾಚಬೇಡ. ನಿಮ್ಮಪ್ಪನಿಗೂ ಹೇಳಿದ್ದೀನಿ, ಅವರಿಗೂ ಸರಿ ಅನ್ನಿಸಿದೆ. ಮದುವೆ ವಿಷಯ ಈಗ ಯಾರೂ ಎತ್ತಲ್ಲ. ಅದೇ ಯುಜಿಸಿ ನಿಯಮದಲ್ಲಿ ಪಿಎಚ್.ಡಿ. ಮುಗಿಸೋಕೆ ಹೆಣ್ಣುಮಕ್ಕಳಿಗೆ 2 ವರ್ಷ ಜಾಸ್ತಿ ಸಮಯವಿದೆ, 240 ದಿನದವರೆಗೆ ಹೆರಿಗೆ ರಜೆಯೂ ಇದೆ. ಮುಂದೆ ಯಾರಾದರೂ "ಓದೋದಾ, ಸಂಸಾರಾನಾ" ಅಂತ ಕೇಳಿದರೆ ಇದು ನೆನಪಿರಲಿ.

ಶನಿವಾರ ಬರುವಾಗ ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತಗೊಂಡು ಬಾ. ಸಿಇಟಿಗೆ ಮಾಡಿಸಿದ್ದ 2ಎ ಸರ್ಟಿಫಿಕೇಟ್ ನೆಟ್‌ಗೆ ನಡೆಯಲ್ಲ. ಕೇಂದ್ರ ಸರ್ಕಾರದ ನಮೂನೆಯಲ್ಲಿ ಒಬಿಸಿ ನಾನ್ ಕ್ರೀಮಿ ಲೇಯರ್ ಬೇರೆ ಮಾಡಿಸಬೇಕು. ನಾಡಕಚೇರಿಗೆ ಇಬ್ಬರೂ ಬೆಳಿಗ್ಗೆ ಬೇಗ ಹೋಗೋಣ. ಬರುವಾಗ ಆ ಗೈಡ್‌ಗಳ ಪಟ್ಟಿನೂ ತಾ, ಕೂತು ನೋಡೋಣ.

ನಿನ್ನ
ಅಮ್ಮ